ನಿದ್ದೆಯಕ್ಕ ಎಚ್ಚರಾದ ವರ್ಷ

ಹೂಗಿಡಗಳ ನರ್ಸರಿಯಲ್ಲಿ ಎಲ್ಲರೂ ಅವಳನ್ನು ನಿದ್ದೆಯಕ್ಕ ಎಂದೇ ಕರೆಯುತ್ತಿದ್ದರು. ಬೈಯಬೇಕೆಂದು ಇಟ್ಟ ಹೆಸರಲ್ಲ ಅದು. ಯಾರೋ ತಮಾಷೆಗೆ ಅಂದದ್ದು ಬರಬರುತ್ತ ಮೈಗೆ ಹತ್ತಿಕೊಂಡಿತ್ತು. ಮೂವತ್ತೆಂಟು ವರ್ಷದ ಹೆಂಗಸು ನೀರಿನ ಪೈಪು ಹಿಡಿದು ನಿಂತಲ್ಲೇ ರೆಪ್ಪೆ ಮುಚ್ಚುತ್ತಾಳೆ, ಅತ್ತ ಸಸಿಮಡಿ ಕೆರೆಯಾಗಿ ಚೆಂಡುಹೂವಿನ ಎಳೆಗಿಡಗಳು ತೇಲುತ್ತಿರುತ್ತವೆ ಎಂದರೆ ಬೇರೆ ಯಾವ ಹೆಸರು ತಾನೇ ಇಟ್ಟಾರು? ಪಕ್ಕದವಳು ಓಡಿಬಂದು ನಲ್ಲಿ ನಿಲ್ಲಿಸುತ್ತಿದ್ದಳು. ನಿದ್ದೆಯಕ್ಕ ಕಣ್ಣು ತೆರೆದು, ಮುಳುಗಿದ ಮಡಿಯನ್ನು ನೋಡಿ, ಯಾವುದೋ ದೂರದ ಊರಿನಿಂದ ಈಗಷ್ಟೇ ಬಂದಿಳಿದವಳ ಹಾಗೆ ನಗುತ್ತಿದ್ದಳು.

ನಿಜಕ್ಕೂ ಅವಳಿದ್ದದ್ದು ದೂರದಲ್ಲೇ. ನೆರಳುಮನೆಯ ಹಸಿರು ಪರದೆಯಡಿಯಲ್ಲಿ ಬೆಳಕು ನೀರಿನಂತೆ ಹಸಿರಾಗಿ ಇಳಿಯುತ್ತಿತ್ತು. ಅದರೊಳಗೆ ಅವಳು ಮೀನಿನ ಹಾಗೆ ನಿಧಾನವಾಗಿ ಓಡಾಡುತ್ತಿದ್ದಳು. ಕೆಂಪುಮಣ್ಣು, ಮರಳು, ಹಳೆಗೊಬ್ಬರ ಕಲಸಿ ಕಪ್ಪು ಚೀಲಗಳಿಗೆ ತುಂಬುವುದು ಅವಳ ಕೆಲಸ. ಹತ್ತು ಚೀಲ ತುಂಬಿದರೆ ಒಮ್ಮೆ ಕೂರಬೇಕು. ಕೂತರೆ ಕಿವಿಯೊಳಗೆ ಸದ್ದು ಶುರುವಾಗುತ್ತಿತ್ತು. ಸೂ, ಸೂ ಎಂದು, ಎದೆಬಡಿತದ ಲೆಕ್ಕದಲ್ಲೇ ಬಂದು ಹೋಗುವ ಸದ್ದು, ತಲೆದಿಂಬಿನ ಕೆಳಗೆ ಸಮುದ್ರ ಇಟ್ಟುಕೊಂಡ ಹಾಗೆ. ಚಿಕ್ಕಂದಿನಿಂದ ಕೇಳಿಸುತ್ತಿದ್ದುದರಿಂದ ಎಲ್ಲರ ಕಿವಿಯಲ್ಲೂ ಹಾಗೇ ಇರುತ್ತದೆ ಎಂದುಕೊಂಡಿದ್ದಳು. ಯಾರನ್ನೂ ಕೇಳಿರಲಿಲ್ಲ. ಮೂಗಿದೆಯಾ ಎಂದು ಯಾರಾದರೂ ಯಾರನ್ನಾದರೂ ಕೇಳುತ್ತಾರೆಯೇ?

ಇನ್ನೊಂದು ಗುಟ್ಟಿತ್ತು. ಒಡೆದ ಮಣ್ಣಿನ ಕುಂಡಗಳ ಚೂರುಗಳನ್ನು ಅವಳು ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಯಾರೂ ನೋಡದಾಗ ಒಂದು ಚೂರನ್ನು ನೀರಲ್ಲಿ ಅದ್ದಿ, ಅದರ ವಾಸನೆಯನ್ನು ಎದೆ ತುಂಬ ಎಳೆದುಕೊಂಡು, ಕಟುಮ್ಮೆಂದು ಕಡಿಯುತ್ತಿದ್ದಳು. ಬಾಯಲ್ಲಿ ಅದು ಕರಗುವಾಗ ಆಗುತ್ತಿದ್ದ ಸಮಾಧಾನ ಯಾವ ಊಟದಿಂದಲೂ ಆಗುತ್ತಿರಲಿಲ್ಲ.

ಮನೆಯಲ್ಲಿದ್ದವರು ಗಂಡ, ಮಗಳು, ಮತ್ತೆ ಅವಳ ಅಪ್ಪ. ಗಂಡ ಬೇಕರಿಯ ವ್ಯಾನು ಓಡಿಸುತ್ತಿದ್ದ. ನಸುಕಿಗೇ ಹೊರಟು ಮಧ್ಯಾಹ್ನ ಬರುತ್ತಿದ್ದ. ಬಂದವನು ಮಾತಿಲ್ಲದೆ ಪಾತ್ರೆ ತೊಳೆದು, ನೆಲ ಒರೆಸಿ, ಬಟ್ಟೆ ಒಣಹಾಕುತ್ತಿದ್ದ. ಹೆಂಡತಿ ಹೀಗೇ ಎಂದು ಮದುವೆಯಾದ ವರ್ಷವೇ ಒಪ್ಪಿಕೊಂಡುಬಿಟ್ಟಿದ್ದ. ಆ ವಿಷಯದಲ್ಲಿ ಅವನ ಮನಸ್ಸು ದೊಡ್ಡದು. ಅಪ್ಪನ ಸಂಗತಿ ಬೇರೆ. ಮೂವತ್ತನಾಲ್ಕು ವರ್ಷ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ ಮನುಷ್ಯ ಆತ. ಅವನ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಜಾತಿ: ಎಚ್ಚರ ಇರುವವರು, ಇಲ್ಲದವರು. ತೀರಿಕೊಂಡ ಹೆಂಡತಿ ಎರಡನೆಯ ಜಾತಿ, ಮಗಳೂ ಅದೇ ಎಂದು ಅವನು ಯಾವಾಗಲೋ ತೀರ್ಮಾನ ಮಾಡಿಯಾಗಿತ್ತು.

"ಅವಳಮ್ಮನೂ ಹಿಂಗೇ," ಎಂದು ಅಳಿಯನಿಗೆ ಹೇಳುತ್ತಿದ್ದ. "ಒಲೆ ಮೇಲೆ ಇಟ್ಟದ್ದು ಸೀದುಹೋದ್ರೂ ಏಳ್ತಿರಲಿಲ್ಲ. ಸೋಮಾರಿತನ ಅನ್ನೋದು ಆ ಕಡೆಯಿಂದ ಬಂದದ್ದು."

ಅವಳು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಬೇಸರ ಮಾಡಿಕೊಳ್ಳುವುದಕ್ಕೂ ಶಕ್ತಿ ಬೇಕು. ಅದು ಇಲ್ಲದ್ದರಿಂದ ಹಾಗೇ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಆ ವರ್ಷ ಮಗಳ ಕಾಲೇಜಿನಲ್ಲಿ ರಕ್ತದಾನದ ಶಿಬಿರ ನಡೆಯಿತು. ಮನೆಯವರನ್ನೂ ಕರೆತನ್ನಿ ಎಂದಿದ್ದರು. ಗಂಡ ಬರಲಿಲ್ಲ, ಅಪ್ಪನ ವಯಸ್ಸೂ ಮೀರಿತ್ತು. ನಿದ್ದೆಯಕ್ಕ ಮಾತ್ರ ಒಳ್ಳೆಯ ಸೀರೆ ಉಟ್ಟು ಹೊರಟಳು. ಕೊಡುವುದಕ್ಕೆ ತನ್ನ ಹತ್ತಿರವೂ ಏನೋ ಇದೆ ಎಂದು ಅವಳಿಗೆ ಖುಷಿಯಾಗಿತ್ತು.

ದೊಡ್ಡ ಹಾಲಿನ ಬಾಗಿಲಲ್ಲೇ ಒಬ್ಬ ನರ್ಸು ಮೇಜು ಹಾಕಿಕೊಂಡು ಕೂತಿದ್ದಳು. ಮುಂದೆ ಗಾಜಿನ ಲೋಟದಲ್ಲಿ ಮೈಲುತುತ್ತದ ನೀಲಿ ನೀರು. ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತವನ್ನು ಅದರೊಳಗೆ ಬಿಡುವುದು. ಗಟ್ಟಿ ರಕ್ತವಾದರೆ ಹನಿ ಮುಳುಗುತ್ತದೆ, ಅವರು ಒಳಗೆ ಹೋಗಬಹುದು. ಮುಂದಿದ್ದ ಹುಡುಗಿಯರ ಹನಿಗಳೆಲ್ಲ ಕೆಂಪು ಮಣಿಯ ಹಾಗೆ ಸರ್ರೆಂದು ತಳ ಸೇರಿದವು. ನಿದ್ದೆಯಕ್ಕನ ಹನಿ ಬಿತ್ತು, ಸ್ವಲ್ಪ ಇಳಿಯಿತು, ಆಮೇಲೆ ಏನೋ ನೆನಪಾದ ಹಾಗೆ ನಿಂತು, ಮೆಲ್ಲಗೆ ಮೇಲೆ ಬಂದು, ನೀಲಿಯಲ್ಲಿ ಸುಮ್ಮನೆ ತೇಲಿತು. ಎಷ್ಟು ಚೆನ್ನಾಗಿದೆ ಎಂದು ಅವಳು ನೋಡುತ್ತಾ ನಿಂತಳು.

ನರ್ಸು ಅವಳ ಕೆಳರೆಪ್ಪೆಯನ್ನು ಬೆರಳಿಂದ ಎಳೆದು ನೋಡಿದಳು. ಒಳಗೆ ಕಾಗದದ ಹಾಗೆ ಬಿಳುಪು.

"ಅಕ್ಕ, ನೀವು ಇಲ್ಲಿಗೆ ಹೇಗೆ ಬಂದ್ರಿ?"

"ಬಸ್ಸಲ್ಲಿ."

"ಅದಲ್ಲ ಅಕ್ಕ. ಇಷ್ಟು ಕಮ್ಮಿ ರಕ್ತ ಇಟ್ಕೊಂಡು ನಡೆಯೋಕೆ ಹೇಗಾಯ್ತು ಅಂತ ಕೇಳ್ದೆ."

ಅವತ್ತೇ ಸಂಜೆ ಅವಳು ಸರ್ಕಾರಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಹಿಮೋಗ್ಲೋಬಿನ್ ಹನ್ನೆರಡಾದರೂ ಇರಬೇಕಾದ ಕಡೆ ಐದೂ ಇರಲಿಲ್ಲ. ಡಾಕ್ಟರಮ್ಮ ಚೀಟಿಯನ್ನು ಎರಡು ಸಲ ಓದಿ, ರಕ್ತ ಹಾಕಿಸಲು ಬರೆದರು. ಕೊಡಲು ಹೋದವಳಿಗೆ ಯಾರದ್ದೋ ರಕ್ತ ಹನಿಹನಿಯಾಗಿ ಇಳಿಯತೊಡಗಿತು. ಹಿಂದೆಯೂ, ಮಗಳು ಹೊಟ್ಟೆಯಲ್ಲಿದ್ದಾಗ, ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಸ್ವಲ್ಪ ಏರಿ ಮತ್ತೆ ಇಳಿದುಹೋಗಿತ್ತು ಎಂದು ಅವಳು ಹೇಳಿದಳು.

"ತುಂಬಿದಷ್ಟೂ ಎಲ್ಲೋ ಸೋರ್ತಾ ಇದೆ ಅಂತಾಯ್ತು," ಎಂದರು ಡಾಕ್ಟರಮ್ಮ. "ತೂತು ಎಲ್ಲಿದೆ ನೋಡೋಣ. ಮೊದಲು ಮಲ ಪರೀಕ್ಷೆ."

ಸಣ್ಣ ಡಬ್ಬಿಯನ್ನು ಲ್ಯಾಬಿಗೆ ಮುಟ್ಟಿಸುವ ಕೆಲಸ ಗಂಡನ ಪಾಲಿಗೆ ಬಂತು. ಮರುದಿನದ ವರದಿಯಲ್ಲಿ 'ಏನೂ ಕಂಡುಬಂದಿಲ್ಲ' ಎಂದು ಬರೆದಿತ್ತು. ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಲ್ಯಾಬಿನ ಹಿರಿಯ ಹಿಂದಿನ ದಿನ ರಜೆಯಲ್ಲಿದ್ದು ಅವತ್ತು ಕೆಲಸಕ್ಕೆ ಬಂದಿದ್ದ. ತೆಳ್ಳಗಿನ, ಕೊರಳಿಗೆ ಕನ್ನಡಕ ತೂಗುಹಾಕಿಕೊಂಡ ಮನುಷ್ಯ. ಮೂವತ್ತು ವರ್ಷದಿಂದ ಅದೇ ಕಿಟಕಿಯ ಬಳಿ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಬೆನ್ನು ಸ್ವಲ್ಪ ಹಾಗೇ ಉಳಿದುಬಿಟ್ಟಿತ್ತು. ಅವನು ರಕ್ತದ್ದೂ ಮಲದ್ದೂ ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ವರದಿ ಕೈಯಲ್ಲಿ ಹಿಡಿದು, ತಾನೇ ವಾರ್ಡಿಗೆ ನಡೆದುಬಂದ.

"ಏನು ಕೆಲಸ ಮಾಡ್ತೀರಮ್ಮ?"

"ನರ್ಸರೀಲಿ. ಮಣ್ಣು ಕಲಸೋದು."

"ಕಾಲಿಗೆ?"

"ಏನೂ ಇಲ್ಲ. ಹಸಿಮಣ್ಣಲ್ಲಿ ಚಪ್ಪಲಿ ನಿಲ್ಲಲ್ಲ."

"ಬೆರಳ ಸಂದೀಲಿ ತುರಿಕೆ?"

"ಅದು ಎಲ್ಲರಿಗೂ ಇದೆ. ಮಣ್ತುರಿ ಅಂತೀವಿ."

ಅವನು ಗಂಡನ ಕಡೆ ತಿರುಗಿದ. "ಡಬ್ಬಿ ತಂದು ಕೊಟ್ಟೋರು ನೀವೇನಾ? ಎಷ್ಟು ಹೊತ್ತು ಆಗಿತ್ತು?"

ಗಂಡ ತಲೆ ಕೆರೆದುಕೊಂಡ. "ಬ್ರೆಡ್ ಎಲ್ಲ ಅಂಗಡಿಗೆ ಹಾಕಿ ಬರೋ ಹೊತ್ತಿಗೆ ಏಳೆಂಟು ಗಂಟೆ ಆಗಿರಬೇಕು ಸಾರ್."

"ಅಲ್ಲೀವರೆಗೂ ಡಬ್ಬಿ ಬಿಸಿಲಲ್ಲಿ, ಬ್ರೆಡ್ಡಿನ ಜೊತೆ ಇತ್ತು?"

"ಜೊತೆ ಅಲ್ಲ ಸಾರ್. ಮುಂದಿನ ಸೀಟಲ್ಲಿ, ನನ್ನ ಪಕ್ಕ."

ಲ್ಯಾಬಿನವನು ನಗಲಿಲ್ಲ. ಆದರೆ ನಗು ತಡೆದುಕೊಂಡದ್ದು ಎಲ್ಲರಿಗೂ ಗೊತ್ತಾಯಿತು. ಹೊಟ್ಟೆಯಲ್ಲಿ ಹುಳುವಿದ್ದರೆ ಅದರ ಮೊಟ್ಟೆ ಮಲದಲ್ಲಿ ಕಾಣಬೇಕು, ತಡವಾದಷ್ಟೂ ಮೊಟ್ಟೆಗಳು ಹಾಳಾಗುತ್ತವೆ, ಒಂದೇ ಸಲಕ್ಕೆ ಸಿಕ್ಕೇ ಸಿಗುತ್ತವೆ ಎಂದೂ ಇಲ್ಲ, ಮೂರು ದಿನ ಮೂರು ಡಬ್ಬಿ ಬೇಕು, ಕೂಡಲೇ ಕೊಡಬೇಕು ಎಂದು ಹೇಳಿಹೋದ.

ಎರಡನೆಯ ದಿನ ಬೆಳಿಗ್ಗೆ ಅವನೇ ಅವಳನ್ನು ಕರೆಸಿದ. ಮೈಗೆ ಸ್ವಲ್ಪ ರಕ್ತ ಬಂದಿತ್ತು. ಗೋಡೆ ಹಿಡಿಯದೆ ಕಾರಿಡಾರಿನ ಕೊನೆಯವರೆಗೂ ನಡೆದುಹೋದಳು. ಲ್ಯಾಬಿನ ಕೋಣೆಯಲ್ಲಿ ಸಾಬೂನಿನ, ಸ್ಪಿರಿಟ್ಟಿನ ವಾಸನೆ. ಮೇಜಿನ ಮೇಲೆ ಒಂದು ಪುಟ್ಟ ಸೀಸೆ, ಅದರ ಬಾಯಿಯವರೆಗೂ ಉಪ್ಪು ನೀರು, ಮೇಲೊಂದು ತೆಳು ಗಾಜಿನ ಚೂರು.

"ಒಂದು ಚೂರು ಮಲಾನ ಗಟ್ಟಿ ಉಪ್ಪುನೀರಲ್ಲಿ ಕದಡಿ ಇಡ್ತೀನಿ," ಎಂದ. "ಕಸ ಎಲ್ಲ ಕೆಳಗೆ ಕೂರುತ್ತೆ. ಮೊಟ್ಟೆ ಹಗುರ ನೋಡಿ, ಮೇಲೆ ತೇಲಿ ಬಂದು ಗಾಜಿಗೆ ಅಂಟ್ಕೊಳುತ್ತೆ. ಕಾಲು ಗಂಟೆ ಸುಮ್ಮನೆ ಕಾಯಬೇಕು, ಅಷ್ಟೇ ವಿದ್ಯೆ. ಬನ್ನಿ, ನೋಡಿ."

ಅವಳು ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೊದಲು ತನ್ನದೇ ರೆಪ್ಪೆಯ ಕೂದಲು ಕಂಡವು. ಆಮೇಲೆ ಒಂದು ಬೆಳಕಿನ ಬಯಲು. ಆ ಬಯಲಲ್ಲಿ ಒಂದು ಉದ್ದನೆಯ ದುಂಡು ಗುಳ್ಳೆ, ನೀರಿನಷ್ಟು ತಿಳಿಯಾದ ಸಿಪ್ಪೆ, ಒಳಗೆ ಒತ್ತಾಗಿ ಕೂತ ನಾಲ್ಕು ಬೂದು ಉಂಡೆಗಳು. ನಾಲ್ಕು ಮಕ್ಕಳು ಒಂದೇ ಹೊದಿಕೆಯಡಿ ಮಲಗಿದ ಹಾಗಿತ್ತು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಮತ್ತೆರಡು.

"ಚೆನ್ನಾಗಿದೆ," ಎಂದಳು.

ಲ್ಯಾಬಿನವನು ಕನ್ನಡಕ ತೆಗೆದ. "ನನಗೂ ಹಾಗೇ ಅನ್ಸುತ್ತೆ. ಹೇಳೋಕಾಗಲ್ಲ ಯಾರ ಹತ್ರಾನೂ."

ಅವು ಕೊಕ್ಕೆಹುಳುವಿನ ಮೊಟ್ಟೆಗಳು ಎಂದು ಅವನು ವಿವರಿಸಿದ. ಮರೆಯಲ್ಲಿ ಯಾರೋ ಬಹಿರ್ದೆಸೆಗೆ ಕೂತ ಜಾಗದ ಹಸಿಮಣ್ಣಲ್ಲಿ ಮೊಟ್ಟೆ ಒಡೆದು ಕಣ್ಣಿಗೆ ಕಾಣದ ಮರಿ ಹೊರಬರುತ್ತದೆ. ಬರಿಗಾಲು ಸಿಕ್ಕರೆ ಬೆರಳ ಸಂದಿಯಲ್ಲಿ ಚರ್ಮ ತೂರಿ ಒಳಹೋಗುತ್ತದೆ. ಆ ತುರಿಕೆ ಅದರ ಹೆಜ್ಜೆ. ಅಲ್ಲಿಂದ ರಕ್ತದ ಜೊತೆ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ; ಎಂಜಲು ನುಂಗಿದಾಗ ಹೊಟ್ಟೆಗೆ. ಕೊನೆಗೆ ಕರುಳಿನ ಗೋಡೆಗೆ ಕಚ್ಚಿಕೊಂಡು ವರ್ಷಗಟ್ಟಲೆ ತೂಗುತ್ತಾ ರಕ್ತ ಹೀರುತ್ತದೆ. ಅರ್ಧ ಇಂಚೂ ಇಲ್ಲ. ಆದರೆ ಒಂದಲ್ಲ, ನೂರಾರು.

"ಮಣ್ಣು ತಿನ್ನೋಕೆ ಆಸೆ ಆಗುತ್ತಾ?" ಎಂದು ಅವನು ಮಾಮೂಲಿನಂತೆ ಕೇಳಿದ.

ಸೆರಗಿನ ಗಂಟು ಇವನಿಗೆ ಹೇಗೆ ಕಾಣಿಸಿತು ಎಂದು ಅವಳ ಕೈ ಅಲ್ಲಿಗೇ ಹೋಯಿತು. ನೆಲ ನೋಡುತ್ತಾ ಹೂಂ ಎಂದಳು.

"ನಾಚಿಕೆ ಬೇಡಮ್ಮ. ರಕ್ತ ಕಮ್ಮಿಯಾದ್ರೆ ಎಷ್ಟೋ ಜನಕ್ಕೆ ಹಾಗಾಗುತ್ತೆ."

ಆಗ ಅವಳು ಕಿವಿಯ ಸದ್ದಿನ ವಿಷಯವನ್ನೂ ಹೇಳಿದಳು. ಜೀವಮಾನದಲ್ಲಿ ಮೊದಲ ಸಲ. ಅದೂ ಅದರಿಂದಲೇ, ಎಲ್ಲರಿಗೂ ಕೇಳಿಸುವುದಿಲ್ಲ ಎಂದ ಅವನು. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಬೇರೆಯವರ ಕಿವಿಯೊಳಗೆ ಏನೂ ಇಲ್ಲ ಎನ್ನುವುದನ್ನು ಅವಳಿಗೆ ಊಹಿಸಲೂ ಆಗಲಿಲ್ಲ.

ಹುಳುವಿನ ಮಾತ್ರೆ ಮೂರೇ ದಿನ. ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ. ಮನೆಗೆ ಬಂದ ಮೇಲೆ ಮೊದಲ ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಲೋಕ ಒಂದೊಂದಾಗಿ ಹತ್ತಿರ ಬರತೊಡಗಿತು. ಒಂದು ದಿನ ಮೆಟ್ಟಿಲು ಹತ್ತಿ ಮೇಲೆ ಹೋದವಳು, ನಡುವೆ ಕೂರಲಿಲ್ಲವಲ್ಲ ಎಂದು ಮೇಲೆ ನಿಂತು ಆಶ್ಚರ್ಯಪಟ್ಟಳು. ಇನ್ನೊಂದು ದಿನ ನೀರಲ್ಲಿ ಅದ್ದಿದ ಕುಂಡದ ಚೂರು ಬಾಯಿಗೆ ಹಾಕಿದರೆ ಅದು ಬರೀ ಮಣ್ಣು. ಥೂ ಎಂದು ಉಗಿದು, ಬಾಯಿ ತೊಳೆದು, ಇಷ್ಟು ವರ್ಷ ಇದನ್ನೇ ತಿಂದೆನೇ ಎಂದು ಬಿದ್ದೂ ಬಿದ್ದೂ ನಕ್ಕಳು.

ಕಿವಿಯ ಸದ್ದು ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ. ಒಂದು ಮಧ್ಯಾಹ್ನ ಮಲಗಿದವಳಿಗೆ ಮನೆಯೆಲ್ಲ ಯಾರೋ ಎದ್ದುಹೋದ ಹಾಗೆ ಖಾಲಿ ಅನಿಸಿತು. ಗೋಡೆಯ ಗಡಿಯಾರ ಕೇಳಿಸಿತು. ಪಕ್ಕದ ಮನೆಯವರು ಚಮಚ ಆಡಿಸುವುದು ಕೇಳಿಸಿತು. ಅವಳಿಗೆ ಅಳು ಬಂತು. ಹೋದದ್ದು ರೋಗವೇ, ಸರಿ. ಆದರೆ ಮೂವತ್ತೆಂಟು ವರ್ಷ ಜೊತೆಗಿದ್ದದ್ದು.

ಗಂಡನ ಪಾಡು ಸ್ವಲ್ಪ ಕಷ್ಟಕ್ಕಿಟ್ಟುಕೊಂಡಿತು. ಅವನು ಬರುವಷ್ಟರಲ್ಲಿ ಪಾತ್ರೆ ತೊಳೆದಿರುತ್ತಿತ್ತು. ಒಣಹಾಕಲು ಬಟ್ಟೆ ಇರುತ್ತಿರಲಿಲ್ಲ. ಅವನು ಮಡಚಿಟ್ಟ ರೀತಿ ಸರಿಯಿಲ್ಲ ಎಂದು ಅವಳು ಮತ್ತೆ ಮಡಚಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಅವರು ಮೊದಲ ಸಲ ಜೋರಾಗಿ ಜಗಳವಾಡಿದರು. ಮುಗಿದ ಮೇಲೆ ಅವನು ಹೊರಗೆ ಬಂದು, "ಇವಳಿಗೆ ಇಷ್ಟು ದೊಡ್ಡ ಗಂಟಲಿದೆ ಅಂತ ಗೊತ್ತೇ ಇರಲಿಲ್ಲ ಮಾವ," ಎಂದ. ಬೇಸರದ ಮಾತಿನ ಹಾಗೆ ಕೇಳಿಸಲಿಲ್ಲ.

ಅವಳಿಗೆ ಸಿಟ್ಟು ಬರುತ್ತಿತ್ತು, ನಿಜ. ಎಚ್ಚರವಾದಷ್ಟೂ ಹಿಂದಿನ ಮಾತುಗಳು ಒಂದೊಂದಾಗಿ ಕಿವಿಗೆ ಮರಳುತ್ತಿದ್ದವು. ಅಮ್ಮನ ನೆನಪು ಅದರ ಜೊತೆಯೇ ಬಂತು. ಊದಿದ ಪಾದ, ನಾಲ್ಕು ಹೆಜ್ಜೆಗೆ ಏದುಸಿರು, ನಲವತ್ತೊಂದಕ್ಕೆ ನಿಂತುಹೋದ ಎದೆ. ಆಗ ಇವಳಿಗೆ ಹದಿನಾರು.

ಒಂದು ಬೆಳಿಗ್ಗೆ ಮಗಳು ತಡವಾಗಿ ಎದ್ದಳು. ಅಪ್ಪ ಎಂದಿನಂತೆ ಟೀ ಕುಡಿಯುತ್ತಾ, "ಅಜ್ಜಿ ರಕ್ತ ಕಣೇ ಇದು, ಎಲ್ಲಿ ಹೋಗುತ್ತೆ ಸೋಮಾರಿತನ," ಎಂದ.

ನಿದ್ದೆಯಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಅಪ್ಪ, ಅಮ್ಮ ಸೋಮಾರಿ ಆಗಿರಲಿಲ್ಲ. ಅವಳಿಗೂ ಇದೇ ಇತ್ತು."

"ನೀನು ನೋಡಿದ್ಯಾ?"

"ಇಲ್ಲ. ನೀವೂ ನೋಡಲಿಲ್ಲ."

ಅಪ್ಪ ಲೋಟ ಕೆಳಗಿಟ್ಟ. ಆಮೇಲೆ ಎದ್ದು ತನ್ನ ಕೋಣೆಗೆ ಹೋದ. ನಾಲ್ಕು ದಿನ ಯಾರೊಡನೆಯೂ ಮಾತಿಲ್ಲ. ಐದನೆಯ ದಿನ ಶೂ ಹಾಕಿ, ಲೇಸು ಬಿಗಿದು, ಬಾಗಿಲಲ್ಲಿ ನಿಂತು, "ಆ ಲ್ಯಾಬಿನವರ ಹತ್ತಿರ ಕರ್ಕೊಂಡು ಹೋಗು," ಎಂದ.

ಲ್ಯಾಬಿನವನು ಅವರಿಬ್ಬರಿಗೂ ಸ್ಟೂಲು ಕೊಟ್ಟ. ಅಪ್ಪ ಕೂರಲಿಲ್ಲ. ಮೇಲಧಿಕಾರಿಯ ಮುಂದೆ ನಿಂತವನಂತೆ ನೆಟ್ಟಗೆ ನಿಂತು ಕೇಳಿದ: "ಇಪ್ಪತ್ತೆರಡು ವರ್ಷದ ಹಿಂದೆ ಹೋದವಳಿಗೆ ಈ ಹುಳ ಇತ್ತಾ ಇಲ್ವಾ ಅಂತ ಈಗ ಹೇಳೋಕಾಗುತ್ತಾ?"

"ಆಗಲ್ಲ ಯಜಮಾನ್ರೇ. ನಾನು ಗಾಜಿನ ಮೇಲೆ ಕಂಡದ್ದನ್ನ ಮಾತ್ರ ಬರೀತೀನಿ."

ಅಪ್ಪ ತಲೆಯಾಡಿಸಿದ. ಹೊರಡಲೂ ಇಲ್ಲ. ಮೈಕ್ರೋಸ್ಕೋಪನ್ನು ನೋಡುತ್ತಾ ನಿಧಾನವಾಗಿ ಹೇಳಿದ: "ನಮ್ಮ ಕ್ವಾರ್ಟರ್ಸ್ ಹಿಂದೆ ಒಂದು ಚೂರು ಜಾಗ ಇತ್ತು. ತರಕಾರಿ ಹಾಕಿದ್ದಳು. ಬರಿಗಾಲಲ್ಲೇ ಅಗೀತಿದ್ದಳು. ಕಕ್ಕಸು ಕೆಟ್ಟು ಎಷ್ಟೋ ವರ್ಷ ಆಗಿತ್ತು, ಎಲ್ಲರೂ ಆ ಕಡೇನೇ ಹೋಗ್ತಿದ್ವಿ." ಸ್ವಲ್ಪ ತಡೆದು, "ಅಡುಗೆಮನೆ ಗೋಡೆ ಕೆರೀತಿದ್ದಳು. ಕೂತರೆ ಕೈಗೆಟುಕೋ ಎತ್ತರದಲ್ಲಿ. ಸುಣ್ಣ ಕೆರೆದು ತಿಂತಿದ್ದಳು. ಸರ್ಕಾರಿ ಗೋಡೆ ಹಾಳು ಮಾಡ್ತೀಯ ಅಂತ ಬೈದು ಸುಣ್ಣ ಹೊಡೆಸ್ತಿದ್ದೆ. ನಾಲ್ಕು ಸಲ ಹೊಡೆಸಿದೆ. ನಾಲ್ಕು ಸಲ."

ಲ್ಯಾಬಿನವನು ಕನ್ನಡಕ ತೆಗೆದು ಒರೆಸಿದ. ಆಮೇಲೆ, "ನೋಡದೆ ನಾನು ಏನೂ ಬರೆಯಲ್ಲ," ಎಂದ. "ಆದರೆ ಸೋಮಾರಿಗಳು ಗೋಡೆ ತಿನ್ನಲ್ಲ ಯಜಮಾನ್ರೇ."

ಆಗ ಅಪ್ಪ ಸ್ಟೂಲಿನ ಮೇಲೆ ಕೂತ. ಮಗಳ ಕಡೆ ನೋಡಲಿಲ್ಲ. ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು. ಹೊಟ್ಟೆಗೆ ಹಾಕಿಕೋ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ಯಾರಿಗೆ ಹೇಳಬೇಕಿತ್ತೋ ಅವಳು ಅಲ್ಲಿರಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಹೊರಡುವಾಗ ಲ್ಯಾಬಿನವನು ಅವಳ ಕೈಗೆ ಒಂದು ಚೀಲ ಕೊಟ್ಟ. ಅದರ ತುಂಬ ಖಾಲಿ ಡಬ್ಬಿಗಳು. "ನಿಮ್ಮ ನರ್ಸರೀಲಿ ಎಷ್ಟು ಜನ?"

"ಹದಿಮೂರು. ನರ್ಸರಿ ಯಜಮಾನ್ರೂ ಸೇರಿ ಹದಿನಾಲ್ಕು."

ಡಬ್ಬಿ ಹಂಚುವುದು ಸುಲಭದ ಕೆಲಸವಾಗಿರಲಿಲ್ಲ. ಕೆಲವರು ಮೂಗು ಮುರಿದರು, ಕೆಲವರು ನಕ್ಕರು. ಆದರೆ ನಿದ್ದೆಯಕ್ಕ ಈಗ ಒಂದೇ ಉಸಿರಿಗೆ ಮೂವತ್ತು ಚೀಲ ತುಂಬುವುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಅದಕ್ಕಿಂತ ದೊಡ್ಡ ಭಾಷಣ ಬೇಕಿರಲಿಲ್ಲ. ಹದಿನಾಲ್ಕರಲ್ಲಿ ಒಂಬತ್ತು ಡಬ್ಬಿಗಳಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತು. ಒಂಬತ್ತರಲ್ಲಿ ಒಂದು ಯಜಮಾನರದ್ದು. ಆರೋಗ್ಯಕ್ಕೆ ಒಳ್ಳೆಯದೆಂದು ದಿನಾ ಬೆಳಿಗ್ಗೆ ಹಸಿಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದ ಮನುಷ್ಯ. ಎರಡು ವರ್ಷದಿಂದ ಬಾಗಿಲಿಲ್ಲದೆ ಬಿದ್ದಿದ್ದ ನರ್ಸರಿಯ ಕಕ್ಕಸು ಅದೇ ವಾರ ರಿಪೇರಿಯಾಯಿತು. ಬಾಗಿಲು, ಚಿಲಕ, ನೀರಿನ ತೊಟ್ಟಿ, ಎಲ್ಲವೂ. ಹದಿನಾಲ್ಕು ಜೊತೆ ರಬ್ಬರ್ ಬೂಟು ಬಂದವು. ಅವಳ ಹೆಸರು ಮಾತ್ರ ಬದಲಾಗಲಿಲ್ಲ. "ನಿದ್ದೆಯಕ್ಕ, ಸ್ವಲ್ಪ ನಿಧಾನ, ನಿಮ್ಮ ಸಮಕ್ಕೆ ನಮಗಾಗಲ್ಲ," ಎಂದು ಈಗ ಹುಡುಗಿಯರು ಗೊಣಗುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಅವಳು, ಅಪ್ಪ ಇಬ್ಬರೇ ಇದ್ದರು. ಕಿಟಕಿಯ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಅವಳು ಬಟನ್ ಹೊಲಿಯುತ್ತಿದ್ದಳು. ಅಪ್ಪ ಮಂಚದ ಅಂಚಲ್ಲಿ ಕೂತಿದ್ದವನು, ಏನೋ ಕೇಳಲು ಬಹಳ ದಿನದಿಂದ ಕಾಯುತ್ತಿದ್ದವನಂತೆ, ಗಂಟಲು ಸರಿಮಾಡಿಕೊಂಡ.

"ನಾನು ಡ್ಯೂಟಿಯಿಂದ ಬರುವಾಗ ನೀನೂ ನಿಮ್ಮಮ್ಮನೂ ಮಲಗಿರ್ತಿದ್ರಿ. ಅವಳು ನಿನಗೆ ಏನೋ ಹೇಳ್ತಾ ಇರ್ತಿದ್ದಳು. ನಾನು ಬಂದ ಕೂಡಲೇ ನಿಲ್ಲಿಸಿಬಿಡ್ತಿದ್ದಳು. ಏನು ಹೇಳ್ತಿದ್ದಳು?"

ಅವಳು ಸೂಜಿ ನಿಲ್ಲಿಸಿದಳು. "ಗೂಡ್ಸ್ ರೈಲಿನ ಕಥೆ. ಅದು ಹೋಗೋವಾಗ ಮನೆಯೆಲ್ಲ ಅದುರ್ತಿತ್ತಲ್ಲ, ಆಗ ಒಂದೊಂದು ಡಬ್ಬೀಲಿ ಏನಿದೆ ಅಂತ ಹೇಳ್ತಿದ್ದಳು. ಒಂದರಲ್ಲಿ ಬರೀ ಸಂಜೆ ಬೆಳಕು. ಒಂದರಲ್ಲಿ ಯಾರೋ ಮರೆತುಬಿಟ್ಟ ಹಾಡುಗಳು. ಒಂದರಲ್ಲಿ ಮಲಗಿರೋ ಕುದುರೆಗಳು, ಅದಕ್ಕೇ ಆ ಡಬ್ಬಿ ಮೆಲ್ಲಗೆ ಹೋಗುತ್ತೆ ಅಂತಿದ್ದಳು."

ಅಪ್ಪ ಕಿವಿಗೊಟ್ಟು ಕೇಳಿಸಿಕೊಂಡ. ಆ ಗಾಡಿಗಳಲ್ಲಿ ಸಿಮೆಂಟು, ಕಲ್ಲಿದ್ದಲು ಇದ್ದದ್ದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಒಂದೊಂದಾಗಿ ಅವಳು ನೆನಪಾದಷ್ಟನ್ನೂ ಹೇಳಿದಳು. ಅವನು ಬೆರಳಲ್ಲಿ ಡಬ್ಬಿಗಳನ್ನು ಎಣಿಸುತ್ತಿದ್ದ.

"ಕೊನೇ ಡಬ್ಬೀಲಿ?" ಎಂದ.

"ಅದು ನನಗೂ ಗೊತ್ತಿಲ್ಲಪ್ಪ. ಅಷ್ಟು ಹೊತ್ತಿಗೆ ಅವಳಿಗೆ ನಿದ್ದೆ ಬಂದಿರ್ತಿತ್ತು."